ಮೂಗು ತಾಗಿಸಿದರೆ ಸಾಕು: ಪುಟ್ಟ ರೋಬೋಟಿಗೆ ತಂತಿಯಿಲ್ಲದ ಚಾರ್ಜಿಂಗ್

ಮೂಡಿಗೆರೆ ಕಡೆ ಆರಿದ್ರಾ ಮಳೆ ಹಿಡಿಯಿತು ಅಂದರೆ ಮನೆಯಲ್ಲಿ ಒಂದೊಂದೂ ಕೆಡುತ್ತಾ ಬರುತ್ತದೆ. ಚಪ್ಪಲಿಗೆ ಬೂಷ್ಟು, ಉಪ್ಪಿಗೆ ನೀರು, ತಾಮ್ರಕ್ಕೆ ಕಿಲುಬು. ಆ ಕಿಲುಬೇ ಈ ಲೇಖನಕ್ಕೆ ಕಾರಣ.

ನಮ್ಮ ಕಾಫಿ ಗೋಡೌನಿನಲ್ಲಿ ಒಂದು ಪುಟ್ಟ ರೋಬೋಟ್ ಓಡಾಡುತ್ತದೆ. ಮುಂದೆ ಎರಡು ಹಳದಿ ಬಿಓ ಮೋಟರ್ (ಆಟಿಕೆಗೆ ಹಾಕುವಂಥ ಪುಟ್ಟ ಗೇರ್ ಮೋಟರ್), ಹಿಂದೆ ಒಂದು ಉಂಡೆ ಚಕ್ರ, ಮೇಲೆ ರೋಬೋಟಿನ ಮಿದುಳಾದ ಇಎಸ್‌ಪಿ32 ಬೋರ್ಡು. ರೇಟು ಬರಲಿ ಅಂತ ಇಟ್ಟುಕೊಂಡ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮೂಟೆಗಳ ನಡುವೆ, ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಹೋಗುತ್ತದೆ. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಅಳೆದು ನನ್ನ ಫೋನಿಗೆ ಕಳಿಸುತ್ತದೆ. ಗೋಡೆಗೊಂದು ಮೀಟರ್ ತೂಗುಹಾಕಿದರೂ ಆಗುತ್ತಿತ್ತು, ಒಪ್ಪುತ್ತೇನೆ. ಹವ್ಯಾಸಕ್ಕೆ ಕಾರಣ ಕೇಳಬಾರದು, ಅಲ್ವಾ?

ಮೊದಲ ವರ್ಷ ಚಾರ್ಜ್ ಮಾಡುವ ಜಾಗದಲ್ಲಿ ಎರಡು ತಾಮ್ರದ ಪಟ್ಟಿ ಇಟ್ಟಿದ್ದೆ. ರೋಬೋಟ್ ಬಂದು ತಾಗಿ ನಿಂತರೆ ಚಾರ್ಜ್ ಆಗುತ್ತಿತ್ತು. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಮಳೆ ಶುರುವಾದ ಮೂರನೇ ವಾರಕ್ಕೆ ಪಟ್ಟಿ ಹಸಿರಾಗಿತ್ತು. ದೇವರ ಮನೆಯ ತಂಬಿಗೆ ಉಜ್ಜಿದ ಹಾಗೆ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿದೆ. ಒಂದು ವಾರ ಮರೆತೆ. ರೋಬೋಟ್ ಮೂಟೆಗಳ ಸಂದಿಯಲ್ಲಿ ಚಾರ್ಜ್ ಮುಗಿದು ನಿಂತುಬಿಟ್ಟಿತ್ತು. ಆಮೇಲೆ ತಂತಿಯಿಲ್ಲದ ಚಾರ್ಜಿಂಗಿನ ಕಡೆ ತಿರುಗಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ಕಡೂರು, ಅರಸೀಕೆರೆಯಂಥ ಒಣ ಊರಾದರೆ, ರೋಬೋಟ್ ಮನೆಯೊಳಗೇ ಓಡಾಡುವುದಾದರೆ, ತಾಮ್ರದ ಪಟ್ಟಿಯೇ ಸಾಕು. ಅಗ್ಗ, ಕರೆಂಟೂ ಪೋಲಾಗುವುದಿಲ್ಲ. ತಂತಿಯಿಲ್ಲದ ಚಾರ್ಜಿಂಗಿನಲ್ಲಿ ಗೋಡೆಯಿಂದ ಎಳೆದದ್ದರಲ್ಲಿ ಅರ್ಧಕ್ಕೆ ಹತ್ತಿರ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ತೇವ, ಧೂಳು ಇರುವ ಕಡೆ ಮಾತ್ರ ಈ ಖರ್ಚಿಗೆ ಅರ್ಥ ಇದೆ.

ಇಂಡಕ್ಷನ್ ಒಲೆಯ ತಮ್ಮ

ತಂತಿಯಿಲ್ಲದ ಚಾರ್ಜಿಂಗ್ ನಡೆಯುವುದು ಎರಡು ಕಾಯಿಲುಗಳ ನಡುವೆ. ಕಾಯಿಲ್ ಅಂದರೆ ಸುತ್ತಿದ ತಾಮ್ರದ ತಂತಿ, ಅಷ್ಟೇ. ಅದರಲ್ಲಿ ಕರೆಂಟನ್ನು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ಆ ಕಡೆ ಈ ಕಡೆ ಹರಿಸಿದರೆ ಸುತ್ತಲಿನ ಕಾಂತಕ್ಷೇತ್ರವೂ ಅದರ ಜೊತೆ ಏಳುತ್ತ ಬೀಳುತ್ತ ಇರುತ್ತದೆ. ಹತ್ತಿರದಲ್ಲಿ ಇನ್ನೊಂದು ಕಾಯಿಲ್ ಹಿಡಿದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ. ರಸ್ತೆ ಬದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕೆಲಸ ಮಾಡುವುದೂ ಹೀಗೇ. ಅಲ್ಲಿ ಎರಡು ಕಾಯಿಲುಗಳನ್ನು ಕಬ್ಬಿಣ ಜೋಡಿಸುತ್ತದೆ. ಇಲ್ಲಿ ನಡುವೆ ಬರೀ ಗಾಳಿ ಮತ್ತು ಪ್ಲಾಸ್ಟಿಕ್. ಹಾಗಾಗಿ ಕಾಯಿಲ್ ಒಂದು ಬೆರಳಗಲ ಆಚೀಚೆ ಸರಿದರೂ ಆಟ ಮುಗಿಯಿತು.

ಅಡುಗೆಮನೆಯ ಇಂಡಕ್ಷನ್ ಒಲೆ ಇದರ ಅಣ್ಣ. ಅಲ್ಲಿ ಎರಡನೇ ಕಾಯಿಲ್ ಇಲ್ಲ, ಪಾತ್ರೆಯ ತಳವೇ ಆ ಜಾಗದಲ್ಲಿ ಕೂತಿರುತ್ತದೆ. ಕರೆಂಟು ತಳದಲ್ಲೇ ಸುತ್ತಿ ಸುತ್ತಿ ಬಿಸಿ ಹುಟ್ಟಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊಳ್ಳುವ ಮುಂಚೆ ಲೆಕ್ಕ

ಎಲ್ಲರೂ ಮಾಡುವ ತಪ್ಪು ಒಂದೇ. ಜಾಸ್ತಿ ಆಂಪಿಯರ್ ಇರುವ ಮಾಡ್ಯೂಲ್ ಹುಡುಕುತ್ತಾರೆ. ಬೇಕಿಲ್ಲ. ನನ್ನ ರೋಬೋಟ್ ಓಡುವಾಗ ಮೋಟರು, ಬೋರ್ಡು, ಸೆನ್ಸರು ಎಲ್ಲ ಸೇರಿ ಸುಮಾರು 500 ಮಿಲಿಆಂಪಿಯರ್ ಎಳೆಯುತ್ತದೆ. ಒಂದು ಸುತ್ತಿಗೆ 10 ನಿಮಿಷ. ಅಂದರೆ ಸುತ್ತಿಗೆ 83 ಮಿಲಿಆಂಪಿಯರ್ ಅವರ್. ದಿನಕ್ಕೆ 8 ಸುತ್ತು ಹಾಕಿದರೆ 670ರ ಹತ್ತಿರ. 360 ಮಿಲಿಆಂಪಿಯರಿನಲ್ಲಿ ನಿಧಾನಕ್ಕೆ ತುಂಬಿಸಿದರೂ ಎರಡು ಗಂಟೆಯ ಕೆಲಸ. ದಿನದಲ್ಲಿ 22 ಗಂಟೆಗೂ ಜಾಸ್ತಿ ಅದು ಸುಮ್ನೆ ನಿಂತೇ ಇರುತ್ತದೆ. ಅವಸರ ಯಾರಿಗೆ?

ನಿಮ್ಮ ರೋಬೋಟಿಗೂ ಇದೇ ಲೆಕ್ಕ ಹಾಕಿ. ಬ್ಯಾಟರಿಯ ಸಾಲಿನಲ್ಲಿ ಮಲ್ಟಿಮೀಟರ್ ಸೇರಿಸಿ ಓಡುವಾಗಿನ ಕರೆಂಟು ನೋಡಿ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಹಾಕುವುದನ್ನು ಮರೆಯಬೇಡಿ, ಫ್ಯೂಸ್ ಹೋಗುತ್ತದೆ.

ಬರೀ ಕಾಯಿಲೋ, ಫೋನಿನ ಪ್ಯಾಡೋ

ಪೇಟೆಯಲ್ಲಿ ಎರಡು ಬಗೆ ಸಿಗುತ್ತದೆ. ಒಂದು, ಎರಡು ಬೆತ್ತಲೆ ಕಾಯಿಲ್ ಮತ್ತು ಪುಟ್ಟ ಬೋರ್ಡುಗಳ ಜೋಡಿ. ಕಳಿಸುವ ಕಡೆಗೆ 12 ವೋಲ್ಟ್ ಕೊಟ್ಟರೆ ಪಡೆಯುವ ಕಡೆಯಲ್ಲಿ 5 ವೋಲ್ಟ್ ಬರುತ್ತದೆ. ಇನ್ನೊಂದು, ಫೋನಿಗೆ ಬಳಸುವ ಪ್ಯಾಡ್ ಮತ್ತು ಅದರ ಜೊತೆಗಾರ, ಕರೆಂಟು ಪಡೆಯುವ ರಿಸೀವರ್ ಸ್ಟಿಕ್ಕರ್. ಎರಡನೆಯದರ ಪೆಟ್ಟಿಗೆ ಮೇಲೆ ಕ್ಯೂ, ಐ ಎಂಬ ಎರಡಕ್ಷರ ಇರುತ್ತದೆ. ಓದುವುದು 'ಚೀ' ಅಂತ. ನಮ್ಮಮ್ಮನಿಗೆ ಈ ಹೆಸರು ಇವತ್ತಿಗೂ ಸಮಾಧಾನ ಇಲ್ಲ.

ನಾನು ಮೊದಲು ತಂದದ್ದು ಬೆತ್ತಲೆ ಕಾಯಿಲ್. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಕೊಂಡದ್ದು. ಕೆಲಸ ಚೆನ್ನಾಗಿ ಮಾಡಿತು. ಪ್ಲೈವುಡ್ ಹಲಗೆಯ ಮೇಲೆ ಕಾಯಿಲ್ ಮಲಗಿಸಿದ್ದೆ, ರೋಬೋಟ್ ಬಂದು ಅದರ ಮೇಲೆ ನಿಲ್ಲುತ್ತಿತ್ತು. ಒಂದು ದಿನ ಮೂಟೆ ಹೊಲಿದ ಮೇಲೆ ಯಾರೋ ದಬ್ಬಣವನ್ನು ಆ ಹಲಗೆಯ ಮೇಲೆ ಇಟ್ಟು ಹೋಗಿದ್ದರು. ಸಂಜೆ ಎತ್ತಲು ಹೋದೆ, ಬೆರಳು ಚುರ್ ಅಂದಿತು. ಹಲಗೆಯ ಮೇಲೆ ದಬ್ಬಣದ ಉದ್ದಕ್ಕೂ ಕಂದು ಗೆರೆ. ಇಂಡಕ್ಷನ್ ಒಲೆಯ ಮೇಲಿನ ಪಾತ್ರೆಗೆ ಆಗುವುದೇ ದಬ್ಬಣಕ್ಕೂ ಆಗಿತ್ತು. ಈ ಬೆತ್ತಲೆ ಮಾಡ್ಯೂಲುಗಳಿಗೆ ಎದುರಿಗೆ ಇರುವುದು ರೋಬೋಟೋ ದಬ್ಬಣವೋ ಗೊತ್ತಾಗುವುದಿಲ್ಲ. ಯಾರಿಲ್ಲದಿದ್ದರೂ ಕಳಿಸುತ್ತಲೇ ಇರುತ್ತವೆ. ಅಕ್ಕಪಕ್ಕದಲ್ಲಿ ಗೋಣಿಚೀಲ ಬೇರೆ. ಅವತ್ತೇ ತೆಗೆದುಹಾಕಿದೆ.

ಚೀ ಪ್ಯಾಡ್ ಹಾಗಲ್ಲ. ಅದು ಆಗಾಗ ಒಂದು ಚಿಕ್ಕ ಮಿಡಿತ ಕಳಿಸಿ 'ಯಾರಾದರೂ ಇದ್ದೀರಾ' ಅಂತ ಕೇಳುತ್ತದೆ. ರಿಸೀವರ್ ಉತ್ತರ ಕೊಟ್ಟರೆ ಮಾತ್ರ ಪೂರ್ತಿ ಕರೆಂಟು ಬಿಡುತ್ತದೆ. ಬಿಟ್ಟ ಮೇಲೂ, ತನಗೆ ಎಷ್ಟು ಸಿಗುತ್ತಿದೆ ಅಂತ ರಿಸೀವರ್ ಹೇಳುತ್ತಲೇ ಇರುತ್ತದೆ. ಕಳಿಸಿದ್ದಕ್ಕೂ ಸಿಕ್ಕಿದ್ದಕ್ಕೂ ತುಂಬಾ ವ್ಯತ್ಯಾಸ ಕಂಡರೆ ನಡುವೆ ಏನೋ ಲೋಹ ಇದೆ ಅಂತ ನಿಲ್ಲಿಸಿಬಿಡುತ್ತದೆ. ನೂರಕ್ಕೆ ನೂರು ನಂಬುವ ಹಾಗಿಲ್ಲ, ಆದರೂ ಕಾವಲಿಗೆ ಒಬ್ಬರು ಇದ್ದ ಹಾಗೆ. ಮೇಜಿನ ಮೇಲೆ, ಕಣ್ಣೆದುರಿಗೆ ಆಟ ಆಡುವುದಾದರೆ ಬೆತ್ತಲೆ ಕಾಯಿಲ್ ತನ್ನಿ. ರಾತ್ರಿ ಒಂದೇ ಬಿಟ್ಟು ಮಲಗುವುದಾದರೆ ಚೀ ಪ್ಯಾಡೇ ಆಗಲಿ. 5 ವಾಟಿನ ಸಾದಾ ಪ್ಯಾಡ್ ಸಾಕು. 2023ರಿಂದ ಬಂದ ಆಯಸ್ಕಾಂತದ ಉಂಗುರ ಇರುವ ಪ್ಯಾಡ್ ನಮಗೆ ಬೇಡ. ಕಾಯಿಲುಗಳನ್ನು ಸರಿಯಾಗಿ ಎದುರುಬದುರು ಹಿಡಿಯುತ್ತದೆ ನಿಜ, ಬಿಡಿಸಿಕೊಂಡು ಹೊರಡಲು ಬಡ ಬಿಓ ಮೋಟರಿಗೆ ತಾಕತ್ತು ಸಾಲುವುದಿಲ್ಲ.

ಉಳಿದ ಸಾಮಾನು: ಒಂದು 18650 ಸೆಲ್ (ಬೆರಳುದ್ದದ ಲಿಥಿಯಂ ಬ್ಯಾಟರಿ), ರಕ್ಷಣೆಯ ಚಿಪ್ ಇರುವ ಟಿಪಿ4056 ಚಾರ್ಜರ್ ಬೋರ್ಡು, ವೋಲ್ಟ್ ಏರಿಸುವ ಎಂಟಿ3608 ಬೂಸ್ಟ್ ಬೋರ್ಡು, ಡಿಆರ್‌ವಿ8833 ಮೋಟರ್ ಡ್ರೈವರ್, ನಾಲ್ಕಾರು ರೆಸಿಸ್ಟರ್. ಸೆಲ್ ಕೊಳ್ಳುವಾಗ ಮೇಲೆ 9900 ಮಿಲಿಆಂಪಿಯರ್ ಅವರ್ ಅಂತ ಬರೆದದ್ದು ಕಂಡರೆ ಅಲ್ಲಿಗೇ ಕೈಮುಗಿಯಿರಿ. ಈ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ 3500ರ ಆಸುಪಾಸೇ ದೊಡ್ಡ ಮಾತು. ತೂಕ 45 ಗ್ರಾಂ ಹತ್ತಿರ ಇರಬೇಕು. ತೀರಾ ಹಗುರ ಇದ್ದರೆ ಒಳಗೆ ಏನೋ ಮೋಸ ಇದೆ.

ಚಾರ್ಜರನ್ನು ಪಳಗಿಸುವುದು

ರಿಸೀವರ್ ಸ್ಟಿಕ್ಕರಿನ ಬಾಲದಲ್ಲಿ ಫೋನಿಗೆ ಚುಚ್ಚುವ ಪಿನ್ ಇರುತ್ತದೆ. ಟಿಪಿ4056 ಬೋರ್ಡಿನಲ್ಲೂ ಅದೇ ತರದ ಕಿಂಡಿ ಇರುತ್ತದೆ. ಎರಡೂ ಒಂದೇ ಬಗೆಯದು ನೋಡಿ ತಂದರೆ ಇಲ್ಲಿ ಸೋಲ್ಡರ್ ಮಾಡುವ ಕೆಲಸವೇ ಇಲ್ಲ. ಚುಚ್ಚಿ, ಅಲುಗಾಡದಂತೆ ಮೇಲೆ ಗ್ಲೂ ಗನ್ನಿನಿಂದ ಒಂದು ಹನಿ ಬಿಡಿ.

ಆದರೆ ಹಾಗೇ ಪ್ಯಾಡಿಗೆ ಹಿಡಿದರೆ ಬೋರ್ಡಿನ ಕೆಂಪು ದೀಪ ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ, ಆರುತ್ತದೆ. ನಾನು ಎರಡು ರಿಸೀವರ್ ಕೆಟ್ಟಿದೆ ಅಂತ ಎಸೆದೆ. ಕೆಟ್ಟಿರಲಿಲ್ಲ. ಟಿಪಿ4056 ಅಂಗಡಿಯಿಂದ ಬರುವಾಗ 1 ಆಂಪಿಯರ್ ಎಳೆಯುವಂತೆ ಹೊಂದಿಸಿರುತ್ತದೆ. ಕಾಯಿಲಿಗೆ ಅಷ್ಟು ಕೊಡುವ ಶಕ್ತಿ ಇಲ್ಲ. ಎಳೆದ ಕೂಡಲೇ ವೋಲ್ಟ್ ಕುಸಿಯುತ್ತದೆ, ಪ್ಯಾಡ್ ಕೈಬಿಡುತ್ತದೆ, ಮತ್ತೆ ಮೊದಲಿಂದ ಶುರು.

ಮದ್ದು ಸುಲಭ. ಬೋರ್ಡಿನ ಮೇಲೆ 122 ಎಂದು ಬರೆದ ಅಕ್ಕಿಕಾಳಿಗಿಂತ ಚಿಕ್ಕ ರೆಸಿಸ್ಟರ್ ಹುಡುಕಿ. 122 ಅಂದರೆ 1200 ಓಮ್. ಚಾರ್ಜ್ ಆಗುವ ಕರೆಂಟನ್ನು ತೀರ್ಮಾನಿಸುವುದು ಅದೇ. ಲೆಕ್ಕವೂ ಬಾಯಲ್ಲೇ ಮಾಡಬಹುದು: 1200ನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್. 3300 ಓಮ್ ಹಾಕಿದರೆ 0.36 ಆಂಪಿಯರ್, ಅಂದರೆ 360 ಮಿಲಿಆಂಪಿಯರ್. 3.3 ಕಿಲೋಓಮ್ ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಸೋಲ್ಡರಿಂಗ್ ಐರನ್ನಿನ ತುದಿಗೆ ಸ್ವಲ್ಪ ಜಾಸ್ತಿ ಸೀಸ ತೆಗೆದುಕೊಂಡು ಆ ಕಾಳಿನ ಎರಡು ತುದಿಗೂ ಒಂದಾದ ಮೇಲೊಂದು ಬೇಗ ಬೇಗ ಬಿಸಿ ಮುಟ್ಟಿಸಿ. ಐದಾರು ಸಲಕ್ಕೆ ಅದು ಐರನ್ನಿಗೇ ಅಂಟಿಕೊಂಡು ಬರುತ್ತದೆ. ಆ ಎರಡು ಗುರುತಿಗೆ ಸಾದಾ ಕಾಲಿನ 3.3 ಕಿಲೋಓಮ್ ಬೆಸೆಯಿರಿ. ಎಳೆದು ತೆಗೆಯಲು ಹೋದರೆ ಕೆಳಗಿನ ತಾಮ್ರವೇ ಕಿತ್ತು ಬರುತ್ತದೆ, ಜೋಪಾನ.

ಸೆಲ್ ಪೂರ್ತಿ ಇಳಿದು 2.9 ವೋಲ್ಟಿಗಿಂತ ಕೆಳಗೆ ಹೋಗಿದ್ದರೆ ಈ ಚಿಪ್ ಹತ್ತನೇ ಒಂದು ಭಾಗ ಕರೆಂಟು ಮಾತ್ರ ಬಿಡುತ್ತದೆ. ಗಂಟೆಗಟ್ಟಲೆ ಚಾರ್ಜೇ ಆಗುತ್ತಿಲ್ಲ ಅನ್ನಿಸುತ್ತದೆ. ತಾಳಿ. ಇನ್ನೊಂದು ವಿಷಯ, ಟಿಪಿ4056 ಒಂದು ಸೆಲ್ಲಿಗೆ ಮಾತ್ರ. ಎರಡು ಸೆಲ್ ಒಂದರ ಹಿಂದೆ ಒಂದು ಜೋಡಿಸಿ 7.4 ವೋಲ್ಟ್ ಮಾಡಿಕೊಂಡಿದ್ದರೆ ಇದನ್ನು ಹಾಕಲೇಬೇಡಿ.

ತಂತಿ ಜೋಡಣೆ

ಸೆಲ್ಲಿನ ಎರಡು ತುದಿ ಟಿಪಿ4056ರ ಬಿ ಪ್ಲಸ್, ಬಿ ಮೈನಸಿಗೆ. ಔಟ್ ಪ್ಲಸ್, ಔಟ್ ಮೈನಸಿನಿಂದ ಎರಡು ಕವಲು. ಒಂದು ನೇರ ಮೋಟರ್ ಡ್ರೈವರಿಗೆ. ಡಿಆರ್‌ವಿ8833 ಒಂದೇ ಸೆಲ್ಲಿನಲ್ಲೂ ಓಡುತ್ತದೆ, ಹಳೆಯ ಎಲ್298 ಡ್ರೈವರ್ ಆದರೆ ಅದೇ 2 ವೋಲ್ಟ್ ನುಂಗಿಬಿಡುತ್ತದೆ. ಇನ್ನೊಂದು ಕವಲು ಎಂಟಿ3608ರ ಮೂಲಕ 5 ವೋಲ್ಟ್ ಆಗಿ ಇಎಸ್‌ಪಿ32ಗೆ. ಎಂಟಿ3608ರ ತಿರುಪನ್ನು ಮೊದಲೇ ಮೀಟರ್ ಹಿಡಿದು 5 ವೋಲ್ಟಿಗೆ ತಂದು, ಆಮೇಲೆ ಬೋರ್ಡಿಗೆ ಜೋಡಿಸಿ. ತಿರುಪು ಹತ್ತಿಪ್ಪತ್ತು ಸುತ್ತು ತಿರುಗಿಸುವ ತನಕ ಏನೂ ಆಗದೇ ಇರಬಹುದು. ಹಾಳಾಗಿದೆ ಅಂದುಕೊಳ್ಳಬೇಡಿ.

ರೋಬೋಟಿಗೆ ಎರಡು ಸಂಗತಿ ಗೊತ್ತಾಗಬೇಕು. ಸೆಲ್ಲಿನಲ್ಲಿ ಎಷ್ಟು ಉಳಿದಿದೆ, ಪ್ಯಾಡ್ ಸಿಕ್ಕಿತೋ ಇಲ್ಲವೋ. ಮೊದಲನೆಯದಕ್ಕೆ ಸೆಲ್ ಪ್ಲಸ್‌ನಿಂದ 100 ಕಿಲೋಓಮ್, ಅಲ್ಲಿಂದ ನೆಲಕ್ಕೆ, ಅಂದರೆ ಔಟ್ ಮೈನಸಿಗೆ, ಇನ್ನೊಂದು 100 ಕಿಲೋಓಮ್. ನಡುವಿನ ಬಿಂದು ಬೋರ್ಡಿನ 35ನೇ ಪಿನ್ನಿಗೆ. 4.2 ವೋಲ್ಟ್ ಅಲ್ಲಿ 2.1 ಆಗಿ ಕಾಣುತ್ತದೆ. ಎರಡನೆಯದಕ್ಕೆ ರಿಸೀವರಿನ 5 ವೋಲ್ಟಿನಿಂದ 10 ಕಿಲೋಓಮ್, ನೆಲಕ್ಕೆ 15 ಕಿಲೋಓಮ್, ನಡುವಿನ ಬಿಂದು 34ನೇ ಪಿನ್ನಿಗೆ. ಅಲ್ಲಿ 3 ವೋಲ್ಟ್ ಬಂದರೆ ಪ್ಯಾಡ್ ಸಿಕ್ಕಿತು ಅಂತ ಅರ್ಥ. 5 ವೋಲ್ಟನ್ನು ನೇರ ಪಿನ್ನಿಗೆ ಕೊಟ್ಟರೆ ಇಎಸ್‌ಪಿ32 ಸತ್ತಿತು. 34, 35ನ್ನೇ ಏಕೆ ಅಂದರೆ, ವೈಫೈ ಓಡುವಾಗ ವೋಲ್ಟ್ ಅಳೆಯಲು ಕೆಲವು ಪಿನ್ನುಗಳು ಕೈಕೊಡುತ್ತವೆ. ಇವು ಕೊಡುವುದಿಲ್ಲ.

ನಿಲ್ಲುವ ಜಾಗ

ಇಲ್ಲಿಯವರೆಗಿನದು ಒಂದು ಭಾನುವಾರದ ಕೆಲಸ. ಮುಂದಿನದಕ್ಕೆ ನನಗೆ ಒಂದೂವರೆ ತಿಂಗಳು ಹಿಡಿಯಿತು. ತಂತಿಯಿಲ್ಲದ ಚಾರ್ಜಿಂಗ್ ಅಂದರೆ ಎಲೆಕ್ಟ್ರಾನಿಕ್ಸ್ ಅಂದುಕೊಂಡಿದ್ದೆ. ಅಲ್ಲ, ಅದು ಬಡಗಿ ಕೆಲಸ.

ಪ್ಯಾಡನ್ನು ನೆಲದ ಮೇಲೆ ಮಲಗಿಸಿ, ರೋಬೋಟಿನ ಹೊಟ್ಟೆಗೆ ರಿಸೀವರ್ ಅಂಟಿಸಿದ್ದೆ. ಒಮ್ಮೆ ಒಂದಿಂಚು ಮುಂದೆ ನಿಲ್ಲುತ್ತಿತ್ತು, ಒಮ್ಮೆ ಹಿಂದೆ. ಪ್ಯಾಡಿನ ಮೇಲೆ ಕಾಫಿ ಸಿಪ್ಪೆ, ಧೂಳು. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗಳು ರಜೆಗೆ ಬಂದವಳು ಐದು ನಿಮಿಷ ನೋಡಿದಳು.

'ಮಾಮ, ಅದನ್ನ ಯಾಕೆ ಮಲಗಿಸಿದ್ದೀರ? ಗೋಡೆಗೆ ನಿಲ್ಲಿಸಿ. ಇದು ಬಂದು ಮೂಗು ಒತ್ತಲಿ.'

ಅಷ್ಟೇ. ಪ್ಯಾಡ್ ಎದ್ದು ನಿಂತರೆ ಅದರ ಮೇಲೆ ದಬ್ಬಣ ಇಡಲು ಜಾಗವೇ ಇಲ್ಲ. ರೋಬೋಟ್ ಒತ್ತಿ ನಿಲ್ಲುವುದರಿಂದ ಹಿಂದೆ ಮುಂದೆ ಅನ್ನುವ ತಕರಾರಿಲ್ಲ. ಎತ್ತರ ಹೇಗೂ ಬದಲಾಗುವುದಿಲ್ಲ. ಉಳಿದದ್ದು ಎಡ ಬಲ ಮಾತ್ರ.

ಮೊದಲು ಪ್ಯಾಡಿನೊಳಗೆ ಕಾಯಿಲ್ ಎಲ್ಲಿದೆ ಅಂತ ಹುಡುಕಿ. ಮೇಲಿನ ಚಿತ್ರವನ್ನು ನಂಬಬೇಡಿ, ನನ್ನ ಪ್ಯಾಡಿನಲ್ಲಿ ಅದು ನಡುವಿನಿಂದ 4 ಮಿಲಿಮೀಟರ್ ಆಚೆ ಇತ್ತು. ಪ್ಯಾಡಿಗೆ ಕಾಗದ ಅಂಟಿಸಿ. ಟಿಪಿ4056 ಸಮೇತ ರಿಸೀವರನ್ನು ಅದರ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿ. ಕೆಂಪು ದೀಪ ಹತ್ತಿದ ಕಡೆ ರಿಸೀವರಿನ ನಡು ಎಲ್ಲಿತ್ತೋ ಅಲ್ಲಿ ಪೆನ್ಸಿಲ್ ಗೆರೆ, ಆರಿದ ಕಡೆ ಇನ್ನೊಂದು. ಆಮೇಲೆ ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಗೆರೆಗಳ ಮಧ್ಯವೇ ಕಾಯಿಲಿನ ಮಧ್ಯ. ಪ್ರತಿ ಸಲ ಒಂದೆರಡು ಸೆಕೆಂಡು ನಿಲ್ಲಿಸಿ ಸರಿಸಿ. ಅದು ಕೇಳಿ, ಇದು ಉತ್ತರ ಕೊಟ್ಟು, ಆಮೇಲೆ ದೀಪ ಹತ್ತಬೇಕಲ್ಲ.

ರಿಸೀವರನ್ನು ರೋಬೋಟಿನ ಮುಂದೆ ಒಂದು ತೆಳು ಪ್ಲಾಸ್ಟಿಕ್ ಹಾಳೆಗೆ ಒಳಗಿನಿಂದ ಅಂಟಿಸಿ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಕತ್ತರಿಸಿದರೆ ಸರಿಯಾಗುತ್ತದೆ. 3 ಮಿಲಿಮೀಟರ್ ಅಕ್ರಿಲಿಕ್ಕಿಗಿಂತ ದಪ್ಪ ಬೇಡ. ಸ್ಟಿಕ್ಕರಿಗೆ ಮುಖ, ಬೆನ್ನು ಇದೆ. ಬೆನ್ನಿಗೆ ಕಾಂತಕ್ಷೇತ್ರವನ್ನು ಆಚೆ ಬಿಡದ ಕಪ್ಪು ಫೆರೈಟ್ ಹಾಳೆ ಇರುತ್ತದೆ, ಅದು ರೋಬೋಟಿನ ಕಡೆಗೆ. ತಿರುಗುಮುರುಗಾದರೆ ಚಾರ್ಜ್ ಆಗುವುದಿಲ್ಲ. ಸೆಲ್ಲಿನ ಉಕ್ಕಿನ ಕವಚ, ಮೋಟರು ಇವು ಕಾಯಿಲಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇರಲಿ.

ಈಗ ಹಲಗೆ. ರೋಬೋಟೂ ಪ್ಯಾಡೂ ಒಂದೇ ಪ್ಲೈವುಡ್ ಹಲಗೆಯ ಮೇಲೆ ನಿಲ್ಲಬೇಕು. ಆಗ ನೆಲ ಏರುಪೇರಾದರೂ ಎತ್ತರ ತಪ್ಪುವುದಿಲ್ಲ. ದನ ಕೊಟ್ಟಿಗೆಗೆ ನುಗ್ಗುವ ದಾರಿಯ ಹಾಗೆ ಎರಡು ಕಡೆ ರೀಪರ್ (ಮರದ ಪಟ್ಟಿ) ಹೊಡೆಯಿರಿ. ಬಾಯಿ ಅಗಲ 30 ಸೆಂಟಿಮೀಟರ್, ಒಳಕ್ಕೆ ಬರುತ್ತ ಕಿರಿದಾಗಿ, ಕೊನೆಯ 8 ಸೆಂಟಿಮೀಟರ್ ನೇರ. ಆ ನೇರ ಭಾಗದಲ್ಲಿ ರೋಬೋಟಿನ ಎರಡೂ ಬದಿ 3 ಮಿಲಿಮೀಟರ್ ಸಡಿಲ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ರೀಪರು ಚಾಸಿಯ, ಅಂದರೆ ರೋಬೋಟಿನ ಮೈಯ, ಎತ್ತರಕ್ಕೆ ಇರಬೇಕು, ತಾಗಬೇಕಾದ್ದು ಚಾಸಿ. ಗಾಲಿಗೆ ತಾಗಿದರೆ ಗಾಲಿ ಅದನ್ನು ಹತ್ತಿಬಿಡುತ್ತದೆ, ರೋಬೋಟ್ ಮಗುಚಿಕೊಳ್ಳುತ್ತದೆ. ರೀಪರಿನ ಒಳಮೈಗೆ ಮೇಣದಬತ್ತಿ ಉಜ್ಜಿದರೆ ನಯವಾಗಿ ಜಾರುತ್ತದೆ.

ಇನ್ನೊಂದು ಸಣ್ಣ ಕೆಲಸದಿಂದ ದೊಡ್ಡ ಉಪಕಾರವಾಯಿತು. ಪ್ಯಾಡಿನ ಬೆನ್ನಿಗೆ ಪಾತ್ರೆ ತೊಳೆಯುವ ಸ್ಪಂಜಿನ ಎರಡು ತುಂಡು ಅಂಟಿಸಿ ಗೋಡೆಗೆ ಒರಗಿಸಿದೆ. ರೋಬೋಟ್ ಸ್ವಲ್ಪ ಓರೆಯಾಗಿ ಬಂದು ಒತ್ತಿದರೂ ಪ್ಯಾಡ್ ತಾನೇ ಬಾಗಿ ಮುಖಕ್ಕೆ ಮುಖ ಕೊಡುತ್ತದೆ.

ಪ್ರೋಗ್ರಾಮಿಗೆ ಹೇಳಿಕೊಡಬೇಕಾದ್ದು

ಓಡುವಾಗ ಸೆಲ್ 3.5 ವೋಲ್ಟಿಗೆ ಬಂದರೆ ಮನೆ ದಾರಿ ಹಿಡಿ. ರೀಪರಿನ ನಡುವೆ ಬಂದ ಮೇಲೆ ಅರ್ಧ ವೇಗ. ಪ್ಯಾಡ್ ಒತ್ತಿ ನಿಂತ ಮೇಲೆ ಮೋಟರ್ ಆರಿಸಿ 3 ಸೆಕೆಂಡು ಕಾಯಿ. 34ನೇ ಪಿನ್ನಿನಲ್ಲಿ ವೋಲ್ಟ್ ಬಂದರೆ ಸರಿ. ಬರದಿದ್ದರೆ ಒಂದು ಗೇಣು ಹಿಂದೆ ಬಂದು ಮತ್ತೆ ನುಗ್ಗು. ಮೂರು ಸಲಕ್ಕೂ ಆಗದಿದ್ದರೆ ಫೋನಿಗೆ ಸುದ್ದಿ ಕಳಿಸಿ ಅಲ್ಲೇ ಮಲಗು. ಈ ಮೂರರ ಲೆಕ್ಕ ಬರೆಯದೇ ಇದ್ದಾಗ, ಕರೆಂಟಿಲ್ಲದ ಒಂದು ರಾತ್ರಿ ಅದು ಬೆಳಗಿನ ತನಕ ಪ್ಯಾಡಿಗೆ ಗುದ್ದಿ ಗುದ್ದಿ ಸೆಲ್ ಖಾಲಿ ಮಾಡಿಕೊಂಡಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗದ ರಾತ್ರಿ ಯಾವುದು ಹೇಳಿ.

ಚಾರ್ಜ್ ಆಗುವಾಗ ವೈಫೈ ಆರಿಸಿ ಬೋರ್ಡನ್ನು ನಿದ್ದೆಗೆ ಕಳಿಸಿ, 10 ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಸಾಕು. ಇದು ಬರೀ ಉಳಿತಾಯಕ್ಕಲ್ಲ. ಟಿಪಿ4056 ಸೆಲ್ ತುಂಬಿತು ಅಂತ ತಿಳಿಯುವುದು ಕರೆಂಟು ಹತ್ತನೇ ಒಂದಕ್ಕೆ, ನಮ್ಮ ಲೆಕ್ಕದಲ್ಲಿ 36 ಮಿಲಿಆಂಪಿಯರಿಗೆ, ಇಳಿದಾಗ. ಬೋರ್ಡು ಎಚ್ಚರ ಇದ್ದು ಅದಕ್ಕಿಂತ ಜಾಸ್ತಿ ಎಳೆಯುತ್ತಿದ್ದರೆ ಚಾರ್ಜರಿಗೆ ಸೆಲ್ ತುಂಬಿದ್ದೇ ಗೊತ್ತಾಗುವುದಿಲ್ಲ. ಇಡೀ ರಾತ್ರಿ 4.2 ವೋಲ್ಟಿನಲ್ಲಿ ಒತ್ತಿ ಹಿಡಿದಿರುತ್ತದೆ. ಸೆಲ್ಲಿನ ಆಯಸ್ಸಿಗೆ ಒಳ್ಳೆಯದಲ್ಲ.

ಒಂಟಿ ಬಿಡುವ ಮುಂಚೆ

ಮೊದಲ ಮೂರು ದಿನ ಹಗಲು ಹೊತ್ತಲ್ಲೇ, ನೀವು ಪಕ್ಕದಲ್ಲಿದ್ದಾಗ ಚಾರ್ಜ್ ಮಾಡಿ. ಅರ್ಧ ಗಂಟೆಗೊಮ್ಮೆ ಪ್ಯಾಡ್, ರಿಸೀವರ್, ಸೆಲ್ ಮೂರನ್ನೂ ಮುಟ್ಟಿ ನೋಡಿ. ಪ್ಯಾಡೂ ರಿಸೀವರೂ ಉಗುರು ಬೆಚ್ಚಗಾಗುವುದು ಸಹಜ. ಕೈ ಇಟ್ಟು ಹತ್ತು ಎಣಿಸಲು ಆಗದಿದ್ದರೆ ನಿಲ್ಲಿಸಿ, ಎಲ್ಲೋ ಲೋಹ ಅಡ್ಡ ಇದೆ ಅಥವಾ ಕಾಯಿಲ್ ಸರಿದಿದೆ. ಸೆಲ್ ಮಾತ್ರ ಬಿಸಿಯಾಗಲೇಬಾರದು. ಅಡಾಪ್ಟರಿಗೆ ಯುಎಸ್‌ಬಿ ಮೀಟರ್ ಹಾಕಿದಾಗ ನನಗೆ ಕಂಡದ್ದು 5 ವೋಲ್ಟ್, 0.62 ಆಂಪಿಯರ್, ಅಂದರೆ 3.1 ವಾಟ್. ರಿಸೀವರಿನಿಂದ ಬಂದದ್ದು 1.8 ವಾಟ್. ನಿಮ್ಮದು ಇದರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಅಡಾಪ್ಟರಿನಲ್ಲಿ 4 ವಾಟ್ ದಾಟಿದರೆ ಪ್ಯಾಡಿನ ಜಾಗ ಮತ್ತೆ ನೋಡಿ.

ಹಲಗೆಯನ್ನು ಸಿಮೆಂಟ್ ನೆಲದಲ್ಲೇ ಇಡಿ, ಮೂಟೆಯಿಂದ ಎರಡು ಮಾರು ದೂರ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ರೋಬೋಟ್ ಒಂದು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಅಡಾಪ್ಟರಿನಿಂದ ಪ್ಯಾಡಿಗೆ ಬರುವ ತಂತಿಯನ್ನು ಅರ್ಧ ಇಂಚಿನ ಪಿವಿಸಿ ಪೈಪಿನೊಳಗೆ ಹಾಯಿಸಿ. ನನ್ನ ಮೊದಲ ತಂತಿಯನ್ನು ಇಲಿ ಎರಡೇ ರಾತ್ರಿಯಲ್ಲಿ ಕತ್ತರಿಸಿತ್ತು.